ಪುಂಸ್ತ್ವಪರೀಕ್ಷೆಯ ಇತಿಹಾಸ: ಕಲ್ಯಾಣದಿಂದ ಬೆಂಗಳೂರಿಗೆ

ಭಾಲ್ಕಿ ತಾಲ್ಲೂಕಿನ ಭಾತಂಬ್ರಾ ತನ್ನ ಕೋಟೆಯಿಂದಾಗಿ ಇತಿಹಾಸಾಸಕ್ತರಿಗೆ ಪರಿಚಿತವಾದ ಗ್ರಾಮ. ಅದರ ನೆರೆಯ ತಾಲ್ಲೂಕಾದ ಬಸವಕಲ್ಯಾಣವು ಒಂದು ಕಾಲದಲ್ಲಿ ಚಾಲುಕ್ಯರ ರಾಜಧಾನಿಯಾಗಿತ್ತು. ಈ ಪ್ರದೇಶದ ಇತಿಹಾಸವನ್ನು ಬರೆಯುವವರು ಕೋಟೆ, ದೇವಾಲಯ, ಶಾಸನಗಳನ್ನು ಕುರಿತು ಬರೆಯುವುದು ವಾಡಿಕೆ. ಪ್ರಕೃತ ಲೇಖನದಲ್ಲಿ ನಾವು ಗೃಹಜೀವನಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ. ಮಕ್ಕಳಾಗದ ಹೆಂಗಸನ್ನು ‘ಬಂಜೆ’ ಎನ್ನುವ ನಮ್ಮ ಭಾಷೆಯಲ್ಲಿ ಆ ಪದಕ್ಕೆ ಸಮನಾದ ಪುಲ್ಲಿಂಗರೂಪವು ಬಳಕೆಯಲ್ಲಿಲ್ಲ. ‘ಷಂಡ’, ‘ನಪುಂಸಕ’ ಎಂಬ ಪದಗಳ ಅರ್ಥವೇ ಬೇರೆ. ಹಾಗಾದರೆ ಪುರುಷನ ಪಾಲನ್ನು ನಮ್ಮ ಪೂರ್ವಿಕರು ವಿಚಾರಿಸಲೇ ಇಲ್ಲವೆ?

ವಿಚಾರಿಸಿದ್ದರೆಂಬುದಕ್ಕೆ ಕಲ್ಯಾಣದಲ್ಲಿಯೇ ಆಧಾರವಿದೆ. ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ವರನ ಪುಂಸ್ತ್ವವನ್ನು ಯತ್ನಪೂರ್ವಕವಾಗಿ ಪರೀಕ್ಷಿಸಬೇಕೆಂಬುದು ಸ್ಮೃತಿಯ ವಿಧಿ. ಪರೀಕ್ಷೆಯ ಕ್ರಮಕ್ಕೆ ವಿಜ್ಞಾನೇಶ್ವರನು ನಾರದನನ್ನು ಆಧರಿಸುತ್ತಾನೆ. ವೀರ್ಯವನ್ನು ನೀರಿಗೆ ಹಾಕಿ ಅದು ತೇಲುವುದೋ ಮುಳುಗುವುದೋ ನೋಡುವುದು, ಮೂತ್ರದ ನೊರೆಯನ್ನು ಗಮನಿಸುವುದು ಅದರ ಅಂಗಗಳು. ದಾಯಭಾಗದ ಪ್ರಕರಣವು ಇನ್ನೂ ಕುತೂಹಲಕರವಾಗಿದೆ. ಕ್ಲೀಬನಿಗೆ ಆಸ್ತಿಯಲ್ಲಿ ಪಾಲಿಲ್ಲ, ಜೀವನಾಂಶ ಮಾತ್ರ ಉಂಟು. ಆದರೆ ಔಷಧಾದಿಗಳಿಂದ ದೋಷವು ನಿವಾರಣೆಯಾದರೆ ಅವನು ಪಾಲಿಗೆ ಅರ್ಹನಾಗುತ್ತಾನೆ. ಎಂದರೆ ಈ ನ್ಯೂನತೆಯು ಚಿಕಿತ್ಸೆಗೆ ಒಳಪಡಬಹುದೆಂಬ ಭಾವನೆಯು ಆಗಲೇ ನ್ಯಾಯಶಾಸ್ತ್ರವನ್ನು ಪ್ರವೇಶಿಸಿತ್ತು.

ಆದರೆ ಇದೇ ಸ್ಮೃತಿಯು ಪತ್ನಿಯು ವಂಧ್ಯೆಯಾದರೆ ಪತಿಯು ಬೇರೊಬ್ಬಳನ್ನು ವಿವಾಹವಾಗಬಹುದೆಂದೂ ಹೇಳುತ್ತದೆ. ಪುರುಷನಿಗೆ ಪರೀಕ್ಷೆಯು ಮದುವೆಗೆ ಮುನ್ನ; ಮದುವೆಯ ನಂತರ ಅಪವಾದವು ಸ್ತ್ರೀಯದು. ಈ ವೈಷಮ್ಯಕ್ಕೆ ಒಂದು ಮುಖ್ಯ ಕಾರಣವು ಅಂದಿನ ಜ್ಞಾನದ ಮಿತಿಯೆಂದು ನಮಗೆ ತೋರುತ್ತದೆ. ದಾಂಪತ್ಯಸಾಮರ್ಥ್ಯವೂ ಸಂತಾನಸಾಮರ್ಥ್ಯವೂ ಒಂದೇ ಎಂದು ಭಾವಿಸಿದಾಗ, ಸಮರ್ಥನಾಗಿ ಕಾಣುವ ಗಂಡನ ಮನೆಯಲ್ಲಿ ಮಗು ಹುಟ್ಟದಿದ್ದರೆ ದೋಷವು ಹೆಂಡತಿಯದೆಂದೇ ನಿರ್ಣಯವಾಗುತ್ತದೆ.

ಇವೆರಡನ್ನೂ ಬೇರ್ಪಡಿಸಲು ಸೂಕ್ಷ್ಮದರ್ಶಕವು ಬೇಕಾಯಿತು. 1677ರಲ್ಲಿ ಹಾಲೆಂಡಿನ ಲ್ಯೂವೆನ್‌ಹುಕ್ ವೀರ್ಯಾಣುಗಳ ಚಲನೆಯನ್ನು ಗಮನಿಸಿದನು. ವೀರ್ಯಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಕೈಪಿಡಿ ಪ್ರಕಟವಾದುದು 1980ರಲ್ಲಿ. ಸರ್ವವಿಧದಲ್ಲಿಯೂ ಸಮರ್ಥನಾದ ಪುರುಷನ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಿರಬಹುದೆಂಬುದು ಈಗ ನಿರ್ವಿವಾದ.

ಈ ವಿಷಯದ ಸಂಶೋಧನೆಯಲ್ಲಿ ಕರ್ನಾಟಕಕ್ಕೂ ಗಣ್ಯವಾದ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಅದಕ್ಕೆ ಮುನ್ನ ಅವರು ಕ್ಯಾಲಿಫೋರ್ನಿಯದಲ್ಲಿ ಸಿ. ಎಚ್. ಲೀ ಅವರೊಡನೆ ಕೆಲಸಮಾಡಿದ್ದರು. ಎಫ್.ಎಸ್.ಎಚ್. ಎಂಬ ಹಾರ್ಮೋನು ಸ್ತ್ರೀಯಲ್ಲಿ ಅಂಡವನ್ನು ಪಕ್ವಗೊಳಿಸುತ್ತದೆ. ಪುರುಷನಲ್ಲಿ ಅದರ ಕಾರ್ಯವೇನೆಂಬುದು ಅವರ ಪ್ರಶ್ನೆ. ದಕ್ಷಿಣ ಭಾರತದಲ್ಲಿ ಎಲ್ಲೆಡೆ ಕಾಣುವ ಕೋತಿಯ ಜಾತಿಯಲ್ಲಿ ಗಂಡುಗಳಿಗೆ ಕುರಿಯ ಎಫ್.ಎಸ್.ಎಚ್. ಅನ್ನು ಚುಚ್ಚುಮದ್ದಾಗಿ ಕೊಟ್ಟರು. ಅವುಗಳ ದೇಹದಲ್ಲಿ ಉತ್ಪನ್ನವಾದ ಪ್ರತಿಕಾಯಗಳು ಸ್ವಂತ ಹಾರ್ಮೋನನ್ನೂ ತಡೆದುವು. ವೀರ್ಯಾಣುಗಳ ಸಂಖ್ಯೆ ಮತ್ತು ಗುಣ ಎರಡೂ ಕುಗ್ಗಿದುವು. ಟೆಸ್ಟೋಸ್ಟೆರಾನ್ ಮಾತ್ರ ಕುಗ್ಗಲಿಲ್ಲ. ಪುಂಸ್ತ್ವವೂ ಸಂತಾನಶಕ್ತಿಯೂ ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ವಿರಳ. ಪುರುಷರಿಗಾಗಿ ಗರ್ಭನಿರೋಧಕ ಲಸಿಕೆಯನ್ನು ರೂಪಿಸುವುದು ಅವರ ಉದ್ದೇಶವಾಗಿತ್ತು. ಕೆಲವೇ ಸ್ವಯಂಸೇವಕರ ಮೇಲೆ ನಡೆದ ಪ್ರಾಥಮಿಕ ಪ್ರಯೋಗದ ವರದಿ 1997ರಲ್ಲಿ ಹೊರಬಂದಿತು.

ಅದೇ ವರ್ಷ ಪ್ರತಿಕೂಲವಾದ ಸಾಕ್ಷ್ಯವೂ ಬಂದಿತು. ಎಫ್.ಎಸ್.ಎಚ್. ಇಲ್ಲದ ಗಂಡು ಇಲಿಗಳು ಸಂತಾನವನ್ನು ಪಡೆದುವೆಂದು ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಈ ಹಾರ್ಮೋನಿಗೆ ಸ್ಪಂದಿಸದ ಫಿನ್‌ಲೆಂಡಿನ ಪುರುಷರಲ್ಲಿ ಕೆಲವರು ತಂದೆಯರಾಗಿದ್ದರು. ಮೌದ್ಗಲ್ ಮತ್ತು ಎಂ. ಆರ್. ಸಾಯಿರಾಂ ಅವರು 1998ರಲ್ಲಿ ಈ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಲೇಖನ ಬರೆದರು. ಇಲಿಯಲ್ಲಿ ಕಂಡುದನ್ನು ವಾನರಕ್ಕೂ ಮನುಷ್ಯನಿಗೂ ಹಾಗೆಯೇ ಅನ್ವಯಿಸಬಹುದೆ ಎಂಬುದು ಚರ್ಚೆಯ ತಿರುಳು. ಲಸಿಕೆಯು ಬಳಕೆಗೆ ಬರಲಿಲ್ಲ. ಆದರೂ ಆ ಶ್ರಮವು ನಿಷ್ಫಲವಲ್ಲ. ಸಂತಾನದ ವಿಚಾರದಲ್ಲಿ ಪುರುಷದೇಹವನ್ನೇ ಮುಖ್ಯ ಅಧ್ಯಯನವಸ್ತುವನ್ನಾಗಿ ಮಾಡಿದ ಶ್ರೇಯಸ್ಸು ಅದಕ್ಕೆ ಸಲ್ಲುತ್ತದೆ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆಂದು ವೈದ್ಯರು ಹೇಳುತ್ತಾರೆ. ಹಾಗಿದ್ದೂ ಹರಕೆ, ಉಪವಾಸ, ಔಷಧಗಳು ಮೊದಲು ಹೆಂಗಸಿನ ಪಾಲಿಗೇ ಬರುತ್ತವೆ. ಇದನ್ನು ಪರಂಪರೆಯೆಂದು ಸಮರ್ಥಿಸುವವರು ಕಲ್ಯಾಣದ ಪಂಡಿತನ ಗ್ರಂಥವನ್ನೊಮ್ಮೆ ತೆರೆದು ನೋಡಬಹುದು. ಅವನು ಹೇಳಿದ ವಿಧಾನವು ಇಂದು ಗ್ರಾಹ್ಯವಲ್ಲ. ಆದರೆ ಗಂಡನ್ನೂ ಪರೀಕ್ಷಿಸಬೇಕೆಂಬ ಮಾತು ನಮ್ಮ ನೆಲಕ್ಕೆ ಹೊಸದಲ್ಲ.