ಬೋನಾಳದ ಹೆಬ್ಬಾತು ಮತ್ತು ಎಐ ಕಾನೂನು

ಇವತ್ತಿನ ವಿಷಯ ಎಐ. ಆದ್ರೆ ಶುರು ಮಾಡೋದು ನಮ್ಮ ಸುರಪುರ ತಾಲ್ಲೂಕಿನ ಬೋನಾಳ ಕೆರೆಯಿಂದ.

ಇದು ಸುರಪುರದ ನಾಯಕ ಅರಸರು ಕಟ್ಟಿಸಿದ ಕೆರೆ. 19ನೇ ಶತಮಾನದಲ್ಲಿ ಇಲ್ಲಿದ್ದ ಅಧಿಕಾರಿ ಮೆಡೋಸ್ ಟೇಲರ್ ಕಾಲಕ್ಕೆ ಇನ್ನಷ್ಟು ದೊಡ್ಡದಾಯಿತು. ಈಗ ಪಕ್ಷಿಧಾಮ. ಚಳಿಗಾಲ ಬಂತಂದ್ರೆ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬರ್ತಾವೆ. ಇವು ಮರಿ ಮಾಡೋದು ಮಂಗೋಲಿಯಾ, ಟಿಬೆಟ್ ಕಡೆ. ಹಿಮಾಲಯ ದಾಟಿ ಬರೋಕೆ ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ.

ತೊಂದರೆ ಇರೋದೇ ಇಲ್ಲಿ. ನಾವು ಬೋನಾಳದಲ್ಲಿ ಎಷ್ಟೇ ಕಾದರೂ, ದಾರಿಯಲ್ಲಿ ಯಾರೋ ಹೊಡೆದ್ರೆ ಏನು ಉಪಯೋಗ? ಎಐ ಕಥೆಯೂ ಇದೇ. ನಿಮ್ಮ ಧ್ವನಿಯನ್ನೇ ನಕಲು ಮಾಡಿ ಯಾರೋ ನಿಮ್ಮ ಅವ್ವಗೆ ಫೋನ್ ಹಚ್ಚಿ ದುಡ್ಡು ಕೇಳ್ತಾರೆ ಅನ್ಕೊಳ್ಳಿ. ಆ್ಯಪ್ ಒಂದು ದೇಶದ್ದು, ಸರ್ವರ್ ಇನ್ನೊಂದು ದೇಶದಲ್ಲಿ, ಮೋಸ ಮಾಡಿದವ ಮತ್ತೆಲ್ಲೋ. ಸುರಪುರ ಠಾಣೆಯವರು ಯಾರನ್ನ ಹಿಡೀಬೇಕು?

ಗಡಿ ದಾಟೋ ವಿಷಯಕ್ಕೆ ದೇಶಗಳು ಕೂಡಿ ನಿಯಮ ಮಾಡೋದು ಹೊಸದಲ್ಲ. 1902ರಲ್ಲಿ ಯುರೋಪಿನ ಕೆಲವು ದೇಶಗಳು ಪ್ಯಾರಿಸ್‌ನಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಬೇಸಾಯಕ್ಕೆ ಉಪಯೋಗ ಆಗೋ ಹಕ್ಕಿಗಳನ್ನ ಕೊಲ್ಲಬಾರದು ಅಂತ. ತಮಾಷೆ ಅಂದ್ರೆ, ಅದರಲ್ಲೇ ‘ಹಾನಿಕರ’ ಹಕ್ಕಿಗಳ ಪಟ್ಟಿಯೂ ಇತ್ತು. ಹದ್ದು, ಗಿಡುಗ ಅದರೊಳಗೆ! ಇವತ್ತು ಅವನ್ನೂ ಕಾಪಾಡ್ತೀವಿ. ಮೊದಲ ನಿಯಮದಲ್ಲೇ ಎಲ್ಲ ಸರಿ ಆಗಲ್ಲ.

ಮುಂದೆ 1971ರಲ್ಲಿ ಇರಾನಿನ ರಾಮ್ಸಾರ್‌ನಲ್ಲಿ ಕೆರೆ, ಜೌಗುಪ್ರದೇಶಗಳ ರಕ್ಷಣೆಗೆ ಒಪ್ಪಂದ ಆಯ್ತು. 1979ರಲ್ಲಿ ಜರ್ಮನಿಯ ಬಾನ್‌ನಲ್ಲಿ ವಲಸೆ ಜೀವಿಗಳಿಗಾಗಿ ಇನ್ನೊಂದು. ಭಾರತ ಮೊದಲನೆಯದಕ್ಕೆ 1982ರಲ್ಲಿ, ಎರಡನೆಯದಕ್ಕೆ 1983ರಲ್ಲಿ ಸೇರಿತು. ಹೆಬ್ಬಾತು ಮರಿ ಮಾಡೋ ಚೀನಾ ಬಾನ್ ಒಪ್ಪಂದಕ್ಕೆ ಸೇರಲೇ ಇಲ್ಲ, ರಾಮ್ಸಾರ್‌ಗೆ ಮಾತ್ರ ಸೇರಿತು.

ತಡವಾದ್ರೆ ಏನಾಗುತ್ತೆ? ರಾಜಸ್ಥಾನದ ಭರತಪುರಕ್ಕೆ ಸೈಬೀರಿಯಾದ ಬಿಳಿ ಕೊಕ್ಕರೆ ಬರ್ತಿತ್ತು. ಅದನ್ನ ಉಳಿಸೋಕೆ ದೇಶಗಳು 1993ರಲ್ಲಿ ತಿಳುವಳಿಕೆ ಪತ್ರ ಮಾಡಿಕೊಂಡವು. ಭಾರತ 1998ರಲ್ಲಿ ಸಹಿ ಹಾಕಿತು. 2002ರ ನಂತರ ಆ ಹಕ್ಕಿ ಭರತಪುರಕ್ಕೆ ಬರಲೇ ಇಲ್ಲ. ಸಹಿ ಬೀಳೋ ಹೊತ್ತಿಗೆ ಉಳಿದದ್ದೇ ಬೆರಳೆಣಿಕೆಯಷ್ಟು.

ಈಗ ಎಐಗೆ ಬರೋಣ. 2023ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿಯಲ್ಲಿ ಭಾರತ, ಅಮೆರಿಕ, ಚೀನಾ ಸೇರಿ 28 ದೇಶಗಳು, ಜೊತೆಗೆ ಯುರೋಪಿಯನ್ ಒಕ್ಕೂಟ, ಎಐ ಅಪಾಯಗಳ ಬಗ್ಗೆ ಒಂದೇ ಘೋಷಣೆಗೆ ಒಪ್ಪಿದವು. ಆದ್ರೆ ಅದು ಕಾನೂನಲ್ಲ, ಬರೀ ಮಾತು. 2024ರ ಆಗಸ್ಟ್ 1ಕ್ಕೆ ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆ ಜಾರಿಗೆ ಬಂತು; ಅದರ ನಿಯಮಗಳು ಹಂತಹಂತವಾಗಿ ಅನ್ವಯ ಆಗ್ತಾವೆ. 2025ರ ಫೆಬ್ರುವರಿಯಲ್ಲಿ ಪ್ಯಾರಿಸ್ ಶೃಂಗಸಭೆ ನಡೀತು. ಭಾರತ ಸಹ-ಅಧ್ಯಕ್ಷ. ಹೇಳಿಕೆಗೆ ಚೀನಾ ಸಹಿ ಹಾಕಿತು, ಅಮೆರಿಕ ಮತ್ತು ಬ್ರಿಟನ್ ಹಾಕಲಿಲ್ಲ.

ದೊಡ್ಡವರು ಸೇರಲಿಲ್ಲ ಅಂತ ಕೈಚೆಲ್ಲಿ ಕೂಡಬೇಕಾ? ಬೇಡ. ಚೀನಾ ಬಾನ್‌ಗೆ ಸೇರದಿದ್ರೂ ರಾಮ್ಸಾರ್ ಕಡೆಯಿಂದ ಕೆರೆಗಳ ವಿಷಯದಲ್ಲಿ ಮಾತಿಗೆ ಸಿಕ್ಕಿತು. ಎಲ್ಲದಕ್ಕೂ ಒಂದೇ ಒಪ್ಪಂದ ಆಗದಿದ್ರೆ, ಸಣ್ಣ ಸಣ್ಣ ವಿಷಯಕ್ಕಾದ್ರೂ ಆಗಲಿ. ಧ್ವನಿ ನಕಲಿನ ಮೋಸ ತಡೆಯೋದು ಅಂಥ ಒಂದು ವಿಷಯ.

ಇನ್ನೊಂದು ಮಾತು. ಬಾನ್‌ನಿಂದ ಯಾವ ಪೊಲೀಸೂ ಬೋನಾಳಕ್ಕೆ ಬರಲ್ಲ. ಇಲ್ಲಿ ಹಕ್ಕಿ ಉಳಿಯೋದು ನಮ್ಮದೇ 1972ರ ವನ್ಯಜೀವಿ ಕಾಯ್ದೆಯಿಂದ, ಕೆರೆ ಕಾಯೋ ಅರಣ್ಯ ಸಿಬ್ಬಂದಿಯಿಂದ, ಊರವರಿಂದ. ಎಐಗೂ ಹಾಗೇ. ದೇಶಗಳು ಅಲ್ಲಿ ಏನೇ ಸಹಿ ಹಾಕಲಿ, ಮೋಸ ಹೋದ ಅವ್ವ ದೂರು ಕೊಡೋಕೆ ಹೋದಾಗ ಅದನ್ನ ಕನ್ನಡದಲ್ಲಿ ಕೇಳಿ ಬರ್ಕೊಳ್ಳೋರು ತಾಲ್ಲೂಕಿನಲ್ಲಿ ಇರಬೇಕು.

ಈ ಚಳಿಗಾಲ ಬೋನಾಳಕ್ಕೆ ಹೋದ್ರೆ ಹೆಬ್ಬಾತು ನೋಡ್ಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.