ಗಲ್ಲಿನ ಭಯ, ಸಿಕ್ಕಿಬೀಳುವ ಭಯ

1830ರಲ್ಲಿ ಇಂಗ್ಲೆಂಡಿನ ಬ್ಯಾಂಕುಗಳವರು ಪಾರ್ಲಿಮೆಂಟಿಗೆ ಒಂದು ಅರ್ಜಿ ಹಾಕಿದರು. ಖೋಟಾ ದಾಖಲೆ ಸೃಷ್ಟಿಸುವವರಿಗೆ ಗಲ್ಲು ಬೇಡ ಎಂಬುದು ಅವರ ಕೋರಿಕೆ. ಕಾರಣ ಕರುಣೆಯಲ್ಲ, ವ್ಯವಹಾರ. ಖೋಟಾದಿಂದ ಹಣ ಕಳೆದುಕೊಳ್ಳುತ್ತಿದ್ದವರೇ ಅವರು. ಒಂದು ಜೀವ ಹೋಗುತ್ತದಲ್ಲ ಎಂದು ದೂರು ಕೊಡಲು ಜನ ಹಿಂಜರಿಯುತ್ತಿದ್ದರು. ಜೂರಿಗಳು ‘ತಪ್ಪಿತಸ್ಥನಲ್ಲ’ ಎಂದು ಕೈತೊಳೆದುಕೊಳ್ಳುತ್ತಿದ್ದರು. ಶಿಕ್ಷೆ ಘೋರವಾಗಿದ್ದುದರಿಂದಲೇ ಖೋಟಾದವರು ಪಾರಾಗುತ್ತಿದ್ದರು.

ಶಿಕ್ಷೆಯ ಹೆದರಿಕೆಯಿಂದ ಅಪರಾಧ ತಡೆಯುವುದನ್ನು ನಿರೋಧ ಸಿದ್ಧಾಂತ ಎನ್ನೋಣ. ಶಿಕ್ಷೆ ಉಂಡವನು ಮತ್ತೆ ಆ ಕಡೆ ತಲೆಹಾಕದಿರುವುದು ಇದರ ಒಂದು ಬಗೆ. ಅವನ ಗತಿ ನೋಡಿ ಉಳಿದವರು ಹಿಂಜರಿಯುವುದು ಇನ್ನೊಂದು. ಕಳ್ಳ ಜೈಲಿನಲ್ಲಿದ್ದಾನೆಂಬ ಕಾರಣಕ್ಕೆ ಕಳ್ಳತನ ನಿಂತರೆ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ.

ವಿಚಾರ ಹಳೆಯದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಅತಿ ಕಠೋರ ದಂಡ ಜನರನ್ನು ಕಂಗೆಡಿಸುತ್ತದೆ, ಅತಿ ಮೃದು ದಂಡ ರಾಜನನ್ನು ಹಗುರ ಮಾಡುತ್ತದೆ ಎಂಬ ಎಚ್ಚರಿಕೆ ಇದೆ. ಆದರೆ ಆ ಮಾತು ದಂಡದ ಪ್ರಮಾಣದ ಬಗ್ಗೆ. ಸಿಕ್ಕಿಬೀಳುವ ಸಂಭವವನ್ನು ಚರ್ಚೆಯ ನಡುವೆ ತಂದು ನಿಲ್ಲಿಸಿದವನು ಮಿಲಾನಿನ ಚೆಸಾರೆ ಬೆಕ್ಕಾರಿಯಾ. 1764ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ಹೆಸರು ಹಾಕದೆ ಪ್ರಕಟಿಸಿದ ಸಣ್ಣ ಪುಸ್ತಕದಲ್ಲಿ ಅವನು ವಾದಿಸಿದ್ದಿಷ್ಟು: ಶಿಕ್ಷೆ ಖಚಿತವಾಗಿರಲಿ, ಬೇಗ ಬರಲಿ, ಆಗ ಅದು ಕ್ರೂರವಾಗಬೇಕಿಲ್ಲ. ಅವನ ವಾದಕ್ಕೆ ಕಿವಿಗೊಟ್ಟು 1786ರಲ್ಲಿ ಟಸ್ಕನಿ ಮರಣದಂಡನೆಯನ್ನೇ ಕೈಬಿಟ್ಟಿತು. ಇಂಗ್ಲೆಂಡಿನಲ್ಲಿ ಮಾತ್ರ ಹತ್ತೊಂಬತ್ತನೇ ಶತಮಾನದ ಆರಂಭಕ್ಕೆ ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲು ಇತ್ತು. ಮನೆಯೊಳಗಿಂದ ನಲವತ್ತು ಶಿಲಿಂಗ್ ಬೆಲೆಯ ವಸ್ತು ಕದ್ದರೂ ಸಾವು. ಜೂರಿಗಳು ಕದ್ದ ಮಾಲಿಗೆ ಮೂವತ್ತೊಂಬತ್ತು ಶಿಲಿಂಗ್ ಬೆಲೆ ಕಟ್ಟಿ ಕಳ್ಳನ ಕುತ್ತಿಗೆ ಉಳಿಸುತ್ತಿದ್ದರು.

ಆಮೇಲಿನ ನೂರು ವರ್ಷ ತತ್ತ್ವಚರ್ಚೆಯಲ್ಲೇ ಕಳೆಯಿತು. ಅಳೆಯುವ ಆಸೆ ಹುಟ್ಟಿದ್ದು ಇಪ್ಪತ್ತನೇ ಶತಮಾನದಲ್ಲಿ. ಅದಕ್ಕೆ ಇತಿಹಾಸವೇ ಒಂದು ಕ್ರೂರ ಪ್ರಯೋಗ ಒದಗಿಸಿಕೊಟ್ಟಿತು. 1944ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಡೆನ್ಮಾರ್ಕಿನ ಪೊಲೀಸರನ್ನು ಬಂಧಿಸಿತು. ಕಾನೂನು ಪುಸ್ತಕದಲ್ಲಿ ಶಿಕ್ಷೆ ಇದ್ದಂತೆಯೇ ಇತ್ತು, ಹಿಡಿಯುವವರಿರಲಿಲ್ಲ. ಕೋಪನ್‌ಹೇಗನ್ನಿನಲ್ಲಿ ದರೋಡೆ ಸುಮಾರು ಹತ್ತು ಪಟ್ಟು ಏರಿತು. ವಂಚನೆ, ಹಣ ದುರುಪಯೋಗ ಆ ಪ್ರಮಾಣದಲ್ಲಿ ಏರಲಿಲ್ಲ. ಅಂಥ ತಪ್ಪು ಮಾಡಿದವನು ಯಾರೆಂದು ಹೇಗೂ ಎಲ್ಲರಿಗೂ ಗೊತ್ತಿರುತ್ತದೆ. ನಾರ್ವೆಯ ಕಾನೂನು ಪಂಡಿತ ಯೊಹಾನ್ನೆಸ್ ಆಂಡೆನೆಸ್ ಈ ವ್ಯತ್ಯಾಸವನ್ನು ಎತ್ತಿ ತೋರಿಸಿದ್ದು ಕ್ಷೇತ್ರದ ದಿಕ್ಕನ್ನೇ ಬದಲಿಸಿತು ಎಂದರೆ ಅತಿಶಯವಲ್ಲ.

1968ರಲ್ಲಿ ಅರ್ಥಶಾಸ್ತ್ರಜ್ಞರು ಒಳಬಂದರು. ಗ್ಯಾರಿ ಬೆಕರ್ ಒಮ್ಮೆ ವಿದ್ಯಾರ್ಥಿಯ ಮೌಖಿಕ ಪರೀಕ್ಷೆಗೆ ತಡವಾಗಿ, ಕಾರನ್ನು ನಿಯಮ ಮೀರಿ ನಿಲ್ಲಿಸುವುದೋ ಬೇಡವೋ ಎಂದು ಲೆಕ್ಕ ಹಾಕಿದ್ದರಂತೆ: ದಂಡ ಎಷ್ಟು, ಸಿಕ್ಕಿಬೀಳುವ ಸಂಭವ ಎಷ್ಟು. ಅಪರಾಧಿಯೂ ಹೀಗೆಯೇ ಲೆಕ್ಕ ಹಾಕುತ್ತಾನೆ ಎಂಬುದು ಅವರ ಆ ವರ್ಷದ ಪ್ರಬಂಧದ ತಿರುಳು. ಶಿಷ್ಯಪೀಳಿಗೆ ಇನ್ನೂ ಮುಂದೆ ಹೋಯಿತು. 1975ರಲ್ಲಿ ಐಸಾಕ್ ಎರ್ಲಿಕ್ ಒಂದು ಗಲ್ಲು ಏಳೆಂಟು ಕೊಲೆಗಳನ್ನು ತಪ್ಪಿಸುತ್ತದೆ ಎಂದರು. ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋದ ಈ ಅಂಕಿ ಹೆಚ್ಚು ದಿನ ಬಾಳಲಿಲ್ಲ. 1978ರಲ್ಲೊಮ್ಮೆ, 2012ರಲ್ಲಿ ಮತ್ತೊಮ್ಮೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯ ಸಮಿತಿಗಳು ಇಂಥ ಅಧ್ಯಯನಗಳನ್ನು ಜರಡಿ ಹಿಡಿದು, ನೀತಿ ರೂಪಿಸಲು ಇವು ಆಧಾರವಾಗಲಾರವು ಎಂದವು. ಗಲ್ಲು ಕೊಲೆಯನ್ನು ಹೆಚ್ಚಿಸುತ್ತದೆ ಎಂದಾಗಲಿ, ಇಳಿಸುತ್ತದೆ ಎಂದಾಗಲಿ ಆ ಅಧ್ಯಯನಗಳು ಸಾಬೀತು ಮಾಡಿರಲಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಹೆಚ್ಚು ಕಲಿಸುವುದು ಬ್ರಿಟನ್ನಿನ ರಸ್ತೆಗಳ ಕತೆ. 1967ರ ಅಕ್ಟೋಬರಿನಲ್ಲಿ ಕುಡಿದು ಓಡಿಸುವವರ ಉಸಿರು ಪರೀಕ್ಷೆ ಜಾರಿಗೆ ಬಂತು, ಭಾರಿ ಪ್ರಚಾರದೊಂದಿಗೆ. ವಾರಾಂತ್ಯದ ರಾತ್ರಿಗಳ ಅಪಘಾತ ಒಮ್ಮೆಲೇ ಕುಸಿಯಿತು. ಪೊಲೀಸರು ನಿಜಕ್ಕೂ ಅಡ್ಡಹಾಕುವುದು ಅಪರೂಪ ಎಂದು ಚಾಲಕರಿಗೆ ಗೊತ್ತಾಗುತ್ತ ಹೋದಂತೆ ಅಪಘಾತಗಳು ಮೆಲ್ಲಗೆ ಮತ್ತೆ ಏರಿದವು. ಸಮಾಜಶಾಸ್ತ್ರಜ್ಞ ಲಾರೆನ್ಸ್ ರಾಸ್ ಬಿಡಿಸಿ ತೋರಿಸಿದ ಈ ಏರಿಳಿತದುದ್ದಕ್ಕೂ ಕಾನೂನು ಅದೇ ಇತ್ತು, ಜನರ ಅಂದಾಜು ಮಾತ್ರ ಬದಲಾಗಿತ್ತು. 2013ರಲ್ಲಿ ಅಪರಾಧಶಾಸ್ತ್ರಜ್ಞ ಡೇನಿಯಲ್ ನೇಗಿನ್ ಈ ಕುರಿತ ಇಡೀ ಸಂಶೋಧನಾ ಸಾಹಿತ್ಯವನ್ನು ಅವಲೋಕಿಸಿ ಬಂದು ನಿಂತದ್ದೂ ಇಲ್ಲಿಯೇ: ದೀರ್ಘ ಸೆರೆವಾಸಕ್ಕಿಂತ ಸಿಕ್ಕಿಬೀಳುವ ಖಾತ್ರಿಗೆ ತಡೆಯುವ ಬಲ ಹೆಚ್ಚು.

ಭಾರತದಲ್ಲಿ ಚರ್ಚೆ ಗಲ್ಲಿನ ಸುತ್ತಲೇ ಗಿರಕಿ ಹೊಡೆದಿದೆ. 1967ರಲ್ಲಿ ಕಾನೂನು ಆಯೋಗದ 35ನೇ ವರದಿ ಮರಣದಂಡನೆ ಇರಲಿ ಎಂದಿತು. 1980ರಲ್ಲಿ ಬಚನ್ ಸಿಂಗ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿತು. 2015ರ 262ನೇ ವರದಿ ಜೀವಾವಧಿಗಿಂತ ಗಲ್ಲಿಗೆ ಹೆಚ್ಚಿನ ನಿರೋಧ ಶಕ್ತಿ ಇಲ್ಲವೆಂದು ಹೇಳಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಅಪರಾಧಗಳನ್ನು ಬಿಟ್ಟು ಉಳಿದೆಡೆ ಅದನ್ನು ತೆಗೆಯಲು ಶಿಫಾರಸು ಮಾಡಿತು. ಮೂರೇ ವರ್ಷದಲ್ಲಿ ಸಂಸತ್ತು ಹನ್ನೆರಡು ವರ್ಷದೊಳಗಿನ ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರಕ್ಕೆ ಗಲ್ಲು ಸೇರಿಸಿತು. ಸಂಶೋಧನೆ ಒಂದು ಕಡೆ, ಶಾಸನ ಇನ್ನೊಂದು ಕಡೆ.

ಸಣ್ಣ ದಂಡಗಳಲ್ಲೂ ಹಾಗೆಯೇ. 2019ರಲ್ಲಿ ಕೇಂದ್ರದ ಕಾಯ್ದೆ ಹೆಲ್ಮೆಟ್ ಇಲ್ಲದವರ ದಂಡವನ್ನು ನೂರರಿಂದ ಸಾವಿರ ರೂಪಾಯಿಗೆ ಏರಿಸಿತು. ಜನ ಕೂಗಾಡಿದ ಮೇಲೆ ಕರ್ನಾಟಕ ಅದನ್ನು ಐನೂರಕ್ಕಿಳಿಸಿತು. ಇಳಿಸಿದ್ದರ ಬಗ್ಗೆ ನನಗೆ ತಕರಾರಿಲ್ಲ. ಬೆಂಗಳೂರಿನ ಜಂಕ್ಷನ್‌ಗಳಲ್ಲಿ ಕ್ಯಾಮೆರಾ ಬಂದಮೇಲೆ ಸಿಕ್ಕಿಬೀಳುವ ಖಾತ್ರಿ ಹೆಚ್ಚಿತು, ಬೆಕ್ಕಾರಿಯಾ ಕೇಳಿದ್ದೂ ಅದನ್ನೇ. ಆದರೆ ದಂಡ ವಸೂಲಿಯಾಗದೆ ಗುಡ್ಡೆ ಬಿದ್ದಿತು. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತು. ಬೊಕ್ಕಸಕ್ಕೆ ಕೋಟಿಗಟ್ಟಲೆ ಬಂತು. ರಿಯಾಯಿತಿ ಮತ್ತೆಯೂ ಬಂತು. ಮುಂದಿನದು ಯಾವಾಗ ಎಂದು ಕಾಯುವುದು ಬೆಕರ್ ಲೆಕ್ಕದ ಪ್ರಕಾರ ಜಾಣತನವೇ.