ತೊದಲು ನುಡಿ: ಆಟವೂ ಹೌದು, ತಾಲೀಮೂ ಹೌದು

ತೊಟ್ಟಿಲಲ್ಲಿ ಮಲಗಿದ ಕೂಸು ಎದುರಿಗೆ ಯಾರೂ ಇಲ್ಲದಿದ್ದರೂ 'ಬಾಬಾಬಾ', 'ದದದ' ಎಂದು ತನ್ನಷ್ಟಕ್ಕೆ ತಾನೇ ಉಲಿಯುತ್ತಿರುತ್ತದೆ. ಮನೆಯವರಿಗೆ ಅದು ಮುದ್ದು. ಭಾಷಾವಿಜ್ಞಾನಿಗಳಿಗೆ ಮಾತಿನ ತಾಲೀಮು. ಧ್ವನಿಗಳೊಡನೆ ಆಡುವುದು, ಒಂದೇ ಪದವನ್ನು ಗಟ್ಟಿಯಾಗಿ ಮತ್ತೆ ಮತ್ತೆ ಹೇಳಿಕೊಳ್ಳುವುದು ಭಾಷಾ ಕಲಿಕೆಯ ಎಲ್ಲ ಹಂತಗಳಲ್ಲೂ ಕಂಡುಬರುತ್ತದೆ.

ಹುಟ್ಟಿದ 2-3 ತಿಂಗಳಲ್ಲಿ ಶಿಶುವು 'ಊ', 'ಆ' ಎಂಬಂತಹ ಸ್ವರಗಳನ್ನು ಎಳೆಯತೊಡಗುತ್ತದೆ. ಸಾಮಾನ್ಯವಾಗಿ 6ರಿಂದ 10 ತಿಂಗಳ ಒಳಗೆ ವ್ಯಂಜನ ಮತ್ತು ಸ್ವರ ಕೂಡಿದ ಸ್ಪಷ್ಟ ಅಕ್ಷರಗಳ ಸರಣಿ ಆರಂಭವಾಗುತ್ತದೆ. ತುಟಿ ಕೂಡಿಸಿ ಬಿಡಿಸಿದರೆ ಸಾಕಾಗುವ ಪ, ಬ, ಮ ಧ್ವನಿಗಳು ಮೊದಮೊದಲೇ ಬರುತ್ತವೆ. ಅಮ್ಮ, ಅಪ್ಪ ಎಂಬ ಪದಗಳನ್ನು ಹೋಲುವ ಪದಗಳು ಜಗತ್ತಿನ ಅನೇಕ ಭಾಷೆಗಳಲ್ಲಿ ಇರುವುದಕ್ಕೆ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ಶಿಶುಗಳ ಈ ಉಲಿತದಲ್ಲೇ ಕಾರಣ ಹುಡುಕಿದ್ದರು. ಮಗು ತಮ್ಮನ್ನೇ ಮೊದಲು ಕರೆಯಿತೆಂದು ಹಿಗ್ಗುವ ತಂದೆತಾಯಿಯರಿಗೆ ಈ ವಿವರಣೆ ರುಚಿಸಲಾರದು.

ಮೌನವೂ ಒಂದು ಸೂಚನೆ

ತಾನು ಉಲಿದದ್ದು ತನಗೆ ಕೇಳಿಸಿದಾಗಲೇ ಈ ಆಟ ಮುಂದುವರಿಯುತ್ತದೆ. ಶ್ರವಣದೋಷವಿರುವ ಶಿಶುವೂ ಮೊದಲ ತಿಂಗಳುಗಳಲ್ಲಿ ಊಳಿಡುತ್ತದೆ, ನಗುತ್ತದೆ. ಆದ್ದರಿಂದ ಮನೆಯವರಿಗೆ ಅನುಮಾನ ಬರುವುದಿಲ್ಲ. ಆದರೆ 'ಬಾಬಾಬಾ' ಎಂಬ ಸ್ಪಷ್ಟ ಸರಣಿ ಮಾತ್ರ ತಡವಾಗುತ್ತದೆ ಅಥವಾ ವಿರಳವಾಗುತ್ತದೆ. 10 ತಿಂಗಳಾದರೂ ಅದು ಕೇಳಿಬರದಿದ್ದಲ್ಲಿ ಕಿವಿಯ ಪರೀಕ್ಷೆ ಮಾಡಿಸುವುದು ಅಗತ್ಯ. 'ಇವನ ಅಪ್ಪನೂ ತಡವಾಗಿಯೇ ಮಾತು ಕಲಿತ' ಎಂದು ಎರಡು ಮೂರು ವರ್ಷ ಕಾಯುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಕಳೆದುಹೋಗುವುದು ಮಾತಿನ ಬುನಾದಿ ಬೀಳುವ ವರ್ಷಗಳೇ. ದೋಷವನ್ನು 3 ತಿಂಗಳೊಳಗೆ ಗುರುತಿಸಿ 6 ತಿಂಗಳೊಳಗೆ ನೆರವು ಆರಂಭಿಸಬೇಕೆಂಬುದು ವೈದ್ಯಕೀಯ ವಲಯದ ಗುರಿ. ಮಲಗಿರುವ ನವಜಾತ ಶಿಶುವಿನ ಕಿವಿಯಲ್ಲಿ ಪುಟ್ಟ ಸಾಧನವಿರಿಸಿ ನೋವಿಲ್ಲದೆ ಪ್ರಾಥಮಿಕ ಪರೀಕ್ಷೆ ನಡೆಸಬಹುದಾಗಿದೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇಂತಹ ತಪಾಸಣೆ ಲಭ್ಯವಿದೆ.

ಸಂಜ್ಞಾಭಾಷೆ ಬಳಸುವ ಕಿವುಡ ದಂಪತಿಗಳ ಕಿವುಡ ಶಿಶುಗಳು ಕೈಬೆರಳುಗಳಲ್ಲೇ 'ತೊದಲು'ತ್ತವೆ ಎಂದು ಲಾರಾ ಪೆಟಿಟ್ಟೊ ಮತ್ತು ಪೌಲಾ ಮಾರೆಂಟೆಟ್ 1991ರಲ್ಲಿ ತೋರಿಸಿದರು.

ಪದಗಳು ಬಂದ ಮೇಲೂ ಆಟ ನಿಲ್ಲುವುದಿಲ್ಲ. ರೂತ್ ವೇರ್ ಎಂಬ ಭಾಷಾವಿಜ್ಞಾನಿ ಎರಡೂವರೆ ವರ್ಷದ ತಮ್ಮ ಮಗ ಆಂಟನಿ ನಿದ್ದೆಗೆ ಮುನ್ನ ಒಬ್ಬನೇ ಆಡುತ್ತಿದ್ದ ಮಾತುಗಳನ್ನು ಧ್ವನಿಮುದ್ರಿಸಿ 1962ರಲ್ಲಿ ಪುಸ್ತಕ ಪ್ರಕಟಿಸಿದರು. ಒಂದೇ ವಾಕ್ಯದಲ್ಲಿ ಒಂದೊಂದೇ ಪದ ಬದಲಿಸುತ್ತ, ಯಾರೂ ಹೇಳಿಕೊಡದಿದ್ದರೂ ಆತ ವ್ಯಾಕರಣದ ಅಭ್ಯಾಸವನ್ನೇ ಮಾಡುತ್ತಿದ್ದನು.

ನಮ್ಮ ಶಾಲೆಗಳ ಕಾಗುಣಿತದ ಒಕ್ಕೊರಲ ಪಠಣವೂ ಇದೇ ಸಾಲಿಗೆ ಸೇರುತ್ತದೆ. ಕ, ಕಾ, ಕಿ, ಕೀ ಎಂದು ರಾಗವಾಗಿ ಹೇಳುವಾಗ ಹ್ರಸ್ವ, ದೀರ್ಘಗಳ ವ್ಯತ್ಯಾಸ ನಾಲಿಗೆಗೂ ಕಿವಿಗೂ ಒಟ್ಟಿಗೆ ಪರಿಚಯವಾಗುತ್ತದೆ. ಅರ್ಥವಿಲ್ಲದ ಉರು ಎಂಬ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಗುಂಪಿನಲ್ಲಿ ತುಟಿಯಷ್ಟೇ ಆಡಿಸಿ ಪಾರಾಗುವ ಮಕ್ಕಳೂ ಇರುತ್ತಾರೆ. ಆದರೂ ಪಠಣವನ್ನೇ ಕೈಬಿಡುವುದಕ್ಕಿಂತ ಪ್ರತಿ ಅಕ್ಷರಕ್ಕೂ ಒಂದು ಪದ ಸೇರಿಸುವುದು ಲೇಸು.

ಹೊಸ ಭಾಷೆ ಕಲಿಯುವ ವಯಸ್ಕರು ನಾಚಿಕೆಯಿಂದ ಮನಸ್ಸಿನಲ್ಲೇ ಓದಿಕೊಳ್ಳುವುದುಂಟು. ಮೌನವಾಗಿ ಓದಿದ ಪದಕ್ಕಿಂತ ಗಟ್ಟಿಯಾಗಿ ಉಚ್ಚರಿಸಿದ ಪದ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂಬುದು ಮನೋವಿಜ್ಞಾನದ ಪ್ರಯೋಗಗಳಲ್ಲಿ ಕಂಡುಬಂದಿದೆ. ಕನ್ನಡ ಕಲಿಯುವ ಹಿಂದಿ ಭಾಷಿಕರಿಗೆ 'ಎ' ಮತ್ತು 'ಏ' ಬೇರೆಯಾಗಿ ಕೇಳಿಸುವುದೇ ಕಷ್ಟ, 'ಳ'ಕಾರವಂತೂ ಹೊಸದು. ಅವರು ಬೆಲೆ, ಬೆಳೆ, ಬೇಳೆ ಎಂಬ ಮೂರು ಪದಗಳನ್ನು ದಿನಕ್ಕೆ ಹತ್ತು ಬಾರಿ ಗಟ್ಟಿಯಾಗಿ ಹೇಳಿಕೊಂಡರೆ ದಿನಸಿ ಅಂಗಡಿಯಲ್ಲಿ ಬೇಳೆಯ ಬೆಲೆ ಕೇಳುವುದು ಸುಲಭವಾಗುತ್ತದೆ.